ಅಜ್ಜ ಮುಳ್ಳು ತಿರುಗಿಸಿದ ದಿನ

ಹೋದ ತಿಂಗಳು ಡೊಂಬಿವಲಿಯ ಸ್ನೇಹಿತರೊಬ್ಬರ ಮನೆಯಲ್ಲಿ ನಾವು ಏಳೆಂಟು ಕನ್ನಡ ಕುಟುಂಬದವರು ಸೇರಿದ್ದೆವು. ಊಟ ಮುಗಿದು ಚಹಾ ಬರುವಷ್ಟರಲ್ಲಿ ಮಾತು ಹಾಡುಗಳ ಕಡೆ ಹೊರಳಿತು. ಈಗಿನ ಹಾಡುಗಳು, ರೀಲ್ಸ್‌ಗಳು, ಎರಡರ್ಥದ ಸಾಲುಗಳು, ಅವುಗಳಿಗೆ ಹೆಜ್ಜೆ ಹಾಕುವ ಸಣ್ಣ ಮಕ್ಕಳು. ಒಬ್ಬರು, 'ಇವನ್ನೆಲ್ಲ ಸರ್ಕಾರ ಬ್ಯಾನ್ ಮಾಡಬೇಕ್ರೀ, ಮುಲಾಜು ನೋಡಬಾರದು' ಎಂದರು. ಎಲ್ಲರಿಗಿಂತ ಮೊದಲು 'ಹೌದು' ಎಂದು ತಲೆಯಾಡಿಸಿದವನು ನಾನೇ. ಹನ್ನೊಂದು ವರ್ಷದ ನನ್ನ ಮಗಳು ಹಿಂದಿನ ದಿನವಷ್ಟೇ ಅಂಥದೊಂದು ಹಾಡನ್ನು ಅರ್ಥ ಗೊತ್ತಿಲ್ಲದೆ ಗುನುಗುತ್ತಿದ್ದಳು. ನನ್ನ ಸಿಟ್ಟು ಇನ್ನೂ ಬಿಸಿಯಾಗಿತ್ತು.

ವಾಪಸು ಬರುವಾಗ ಲೋಕಲ್‌ನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅಲ್ಲಿ ಕೂತಾಗ ನನಗೆ ನಮ್ಮ ಅಜ್ಜ ನೆನಪಾದ. ಅವನೂ ಇದೇ ಮಾತು ಆಡುತ್ತಿದ್ದ. ಅವನ ಕಾಲದಲ್ಲಿ ಆ ಮಾತು ಚಹಾ ಹೊತ್ತಿನ ಹರಟೆಯಾಗಿ ಉಳಿಯಲಿಲ್ಲ. ದೇಶದ ಸರ್ಕಾರವೇ ಹಾಗೆ ಮಾಡಿ ನೋಡಿತ್ತು. ಅದರಿಂದ ಏನಾಯಿತು ಎಂಬುದನ್ನು ನಾನು ಮರೆತು ತಲೆಯಾಡಿಸಿದ್ದೆ. ಈ ಬರಹ ನನ್ನ ಆ ತಲೆಯಾಡಿಸುವಿಕೆಗೆ ನಾನೇ ಕೊಟ್ಟುಕೊಳ್ಳುತ್ತಿರುವ ಉತ್ತರ.

ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಅಜ್ಜ ಶಾಲಾ ಮಾಸ್ತರನಾಗಿದ್ದ. ಧಾರವಾಡದಲ್ಲಿ ಆಕಾಶವಾಣಿ ನಿಲಯ ಶುರುವಾದದ್ದು 1950ರ ಜನವರಿಯಲ್ಲಿ. ಅದಾದ ಕೆಲ ವರ್ಷಕ್ಕೆ ಅಜ್ಜ ರೇಡಿಯೋ ಕೊಂಡ. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಆ ಪುಸ್ತಕವನ್ನು ಅಜ್ಜ ಹೊಲದ ಕಾಗದಪತ್ರಗಳ ಜೊತೆಗೇ ಟ್ರಂಕಿನಲ್ಲಿ ಇಟ್ಟಿದ್ದ. ಶನಿವಾರ ರಾತ್ರಿ ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಬರುವಾಗ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುವ ಹಾಗಿರಲಿಲ್ಲ. ಆದರೆ ಅದೇ ಮನೆಯಲ್ಲಿ ಇನ್ನೊಂದು ಪಕ್ಷವಿತ್ತು, ನಮ್ಮಪ್ಪನದು. ಬುಧವಾರ ರಾತ್ರಿ ಅಜ್ಜ ಕಟ್ಟೆಗೆ ಹೋದದ್ದೇ ತಡ, ಅಪ್ಪ ದನಿ ಸಣ್ಣ ಮಾಡಿ, ರೇಡಿಯೋಕ್ಕೆ ಕಿವಿ ಹಚ್ಚಿ, ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ಸಿಲೋನ್ ಹಿಡಿಯುತ್ತಿದ್ದ. ಹಿಡಿದಾಗ ಬರುತ್ತಿದ್ದದ್ದು ಬಿನಾಕಾ ಗೀತಮಾಲಾ. ಒಂದೇ ರೇಡಿಯೋ, ಎರಡು ಸರ್ಕಾರ ಎಂದು ಅಜ್ಜಿ ನಗುತ್ತಿದ್ದಳಂತೆ.

ಸರ್ಕಾರ ನಮ್ಮ ಕಿವಿಯನ್ನು ತಿದ್ದಲು ಹೊರಟ ಕಥೆ ಸಿನಿಮಾ ಹಾಡಿನಿಂದ ಶುರುವಾದದ್ದಲ್ಲ. ಅದಕ್ಕೂ ಮೊದಲು ಹಾರ್ಮೋನಿಯಂ ಸಿಕ್ಕಿಬಿದ್ದಿತ್ತು. ಆಲ್ ಇಂಡಿಯಾ ರೇಡಿಯೋಕ್ಕೆ ಆ ಹೆಸರು ಬಂದದ್ದು 1936ರಲ್ಲಿ. ಆಗ ಅದರ ಮುಖ್ಯಸ್ಥ ಲಯೋನಲ್ ಫೀಲ್ಡನ್ ಎಂಬ ಇಂಗ್ಲಿಷಿನವ. 1940ರ ಮಾರ್ಚ್ 1ರಿಂದ ರೇಡಿಯೋದಲ್ಲಿ ಹಾರ್ಮೋನಿಯಂ ನುಡಿಸುವಂತಿಲ್ಲ ಎಂದು ಅಪ್ಪಣೆಯಾಯಿತು. ಅದಕ್ಕೆ ಕೊಟ್ಟ ಕಾರಣ ಪೂರ್ತಿ ಸುಳ್ಳೇನಲ್ಲ. ಹಾರ್ಮೋನಿಯಂನ ಸ್ವರಗಳು ಮೊದಲೇ ಕೂರಿಸಿಟ್ಟವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರದ ಮೈಮೇಲಿನ ಕಂಪನ, ನಡುವಿನ ಸೂಕ್ಷ್ಮ ಶ್ರುತಿಗಳು ಅದಕ್ಕೆ ದಕ್ಕುವುದಿಲ್ಲ. ರವೀಂದ್ರನಾಥ ಟ್ಯಾಗೋರರೂ ಅದನ್ನು ತಮ್ಮ ಆಶ್ರಮದಿಂದ ಹೊರಗಿಟ್ಟಿದ್ದರು, ರೇಡಿಯೋದ ನಿರ್ಧಾರವನ್ನು ಬೆಂಬಲಿಸಿದರು. ಒಬ್ಬ ಇಂಗ್ಲಿಷ್ ಅಧಿಕಾರಿಯೂ ನಮ್ಮ ರಾಷ್ಟ್ರೀಯವಾದಿಗಳೂ ಒಮ್ಮತಕ್ಕೆ ಬಂದ ಅಪರೂಪದ ವಿಷಯ ಅದು.

ಆದರೆ ಆ ಹೊತ್ತಿಗೆ ಹಾರ್ಮೋನಿಯಂ ಪರದೇಶಿಯಾಗಿ ಉಳಿದಿತ್ತೇ? ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಕಾಲ್ಪೆಟ್ಟಿಗೆಯ ಮಾಸ್ತರರಿಲ್ಲದೆ ಪರದೆ ಏಳುತ್ತಿರಲಿಲ್ಲ. ಊರ ಗುಡಿಯ ಭಜನೆಗೂ ಅದೇ ಬೇಕಿತ್ತು. ಬೆಳಗಾವಿಯ ಆರ್. ಕೆ. ಬಿಜಾಪುರೆ ಮಾಸ್ತರರಂಥವರು ಅದನ್ನೇ ಬಾಳಾಗಿಸಿಕೊಂಡು ನೂರಾರು ಶಿಷ್ಯರನ್ನು ತಯಾರು ಮಾಡಿದರು. ಜನ ತಮ್ಮದೆಂದು ಒಪ್ಪಿಕೊಂಡ ವಾದ್ಯವೊಂದು ಸರ್ಕಾರಿ ಬಾಗಿಲ ಹೊರಗೆ ಮೂರು ದಶಕ ನಿಂತಿತ್ತು. ಬ್ರಿಟಿಷರು ಹೋದ ಮೇಲೂ ಆ ಆಜ್ಞೆ ಹೋಗಲಿಲ್ಲ. 1971ರಲ್ಲಿ ಅದು ಸಡಿಲವಾಯಿತು. ಆ ಮೂವತ್ತು ವರ್ಷಗಳಲ್ಲಿ ನಾಡಿನಲ್ಲಿ ಹಾರ್ಮೋನಿಯಂ ಒಂದಾದರೂ ಕಡಿಮೆಯಾಯಿತೆಂದು ನನಗನಿಸುವುದಿಲ್ಲ.

ಇದಾದ ಮೇಲೆ ಬಂದವರು ಬಿ. ವಿ. ಕೇಸ್ಕರ್. 1952ರಿಂದ 1962ರವರೆಗೆ, ಪೂರಾ ಹತ್ತು ವರ್ಷ, ಮಾಹಿತಿ ಮತ್ತು ಪ್ರಸಾರ ಖಾತೆಯ ಮಂತ್ರಿ. ಪುಣೆಯಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಓದಿ, ಶಾಸ್ತ್ರೀಯ ಸಂಗೀತ ಕಲಿತವರು. ಸಿನಿಮಾ ಹಾಡುಗಳು ಅಗ್ಗದ ಕಲಬೆರಕೆ, ಪಾಶ್ಚಾತ್ಯ ನಕಲು, ಕಾಮಪ್ರಚೋದಕ ಎಂಬುದು ಅವರ ಅಭಿಪ್ರಾಯ. ಅಭಿಪ್ರಾಯ ಅಲ್ಲಿಗೇ ನಿಲ್ಲಲಿಲ್ಲ. ಹಿಂದೂಸ್ತಾನಿ ಸಂಗೀತ ಕೆಳಗಿಳಿದದ್ದಕ್ಕೆ ಅವರು ಬ್ರಿಟಿಷರನ್ನು ದೂರಿದ ಹಾಗೆಯೇ ಮುಸ್ಲಿಂ ಸಂಗೀತಗಾರರನ್ನೂ ದೂರುತ್ತಿದ್ದರು. ಅಭಿರುಚಿಯ ಮಾತು ಎಷ್ಟೋ ಸಲ ತನ್ನ ಮಡಿಲಲ್ಲಿ ಬೇರೆ ಮಾತನ್ನೂ ಕಟ್ಟಿಕೊಂಡು ಬರುತ್ತದೆ. ಇಂದಿನ ನಮ್ಮ ಚರ್ಚೆಗಳಲ್ಲಿಯೂ ಇದನ್ನು ಗಮನಿಸಿ ನೋಡಿ.

ಕೇಸ್ಕರ್ ಅವರ ಆಡಳಿತದಲ್ಲಿ ಸಿನಿಮಾ ಹಾಡಿನ ಪಾಲನ್ನು ಪ್ರಸಾರದ ಹೊತ್ತಿನ ಶೇಕಡಾ 10ಕ್ಕೆ ಇಳಿಸಲಾಯಿತು. ಅದರಲ್ಲಿಯೂ ಯಾವ ಹಾಡು ಯೋಗ್ಯ ಎಂದು ಮೊದಲೇ ಸೋಸಿ ಆರಿಸಬೇಕು. ಜೊತೆಗೆ ಚಿತ್ರದ ಹೆಸರು ಹೇಳಕೂಡದು, ಹೇಳಿದರೆ ಪುಕ್ಕಟೆ ಜಾಹೀರಾತಾಗುತ್ತದೆ, ಗಾಯಕರ ಹೆಸರು ಮಾತ್ರ ಸಾಕು. ಹಾಡುಗಳ ಹಕ್ಕು ಇದ್ದದ್ದು ನಿರ್ಮಾಪಕರ ಕೈಯಲ್ಲಿ. ಅವರಿಗೆ ಈ ಕೊನೆಯ ಮಾತು ಸರಿಬರಲಿಲ್ಲ. ನಮ್ಮ ಹಾಡು ನಿಮಗಿಲ್ಲ ಎಂದು ಅನುಮತಿಯನ್ನು ಹಿಂದಕ್ಕೆ ಪಡೆದರು. ಕೆಲವೇ ತಿಂಗಳಲ್ಲಿ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಇಲ್ಲವೇ ಇಲ್ಲ ಎಂಬಂತಾಯಿತು. ಇದನ್ನು ನಾವು ಸಲೀಸಾಗಿ ನಿಷೇಧ ಎನ್ನುತ್ತೇವೆ. ನಿಜವಾಗಿ ಅದು ಒಂದು ಕಡೆ ಮಂತ್ರಿಯ ಹಟ, ಇನ್ನೊಂದು ಕಡೆ ವ್ಯಾಪಾರಿಗಳ ಹಟ. ನಡುವೆ ಮೌನವಾದದ್ದು ಕೇಳುಗನ ಪೆಟ್ಟಿಗೆ.

ಆ ಮೌನವನ್ನು ತುಂಬಲು ಕೊಲಂಬೊ ಸಿದ್ಧವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಸೇನೆ ತನ್ನ ಸೈನಿಕರಿಗಾಗಿ ಸಿಲೋನಿನಲ್ಲಿ ಭಾರಿ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಹಾಕಿತ್ತು. ಯುದ್ಧ ಮುಗಿದು ಅದು ರೇಡಿಯೋ ಸಿಲೋನ್ ಕೈಗೆ ಬಂತು. ಶಾರ್ಟ್‌ವೇವ್ ಅಲೆಗಳು ಮೇಲಿನ ವಾಯುಮಂಡಲಕ್ಕೆ ತಾಗಿ ಮತ್ತೆ ನೆಲಕ್ಕೆ ಇಳಿಯುವುದರಿಂದ ಸಾವಿರಾರು ಮೈಲಿ ದೂರ ಮುಟ್ಟುತ್ತವೆ. ಗಡಿ, ಪಾಸ್‌ಪೋರ್ಟ್ ಅವಕ್ಕೆ ಲೆಕ್ಕವಿಲ್ಲ. 1950ರಲ್ಲಿ ರೇಡಿಯೋ ಸಿಲೋನ್ ಜಾಹೀರಾತು ಸೇವೆ ಆರಂಭಿಸಿತು. 1952ರ ಡಿಸೆಂಬರಿನಲ್ಲಿ, ಕೇಸ್ಕರ್ ಮಂತ್ರಿಯಾದ ಅದೇ ವರ್ಷ, ಬಿನಾಕಾ ಗೀತಮಾಲಾ ಶುರುವಾಯಿತು.

ಮುಂಬೈಯಲ್ಲಿ ಇರುವ ನಮಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಆ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಕೊಲಂಬೊದಲ್ಲಿ ಅಲ್ಲ, ಇದೇ ಮುಂಬೈಯಲ್ಲಿ. ಅಮೀನ್ ಸಯಾನಿ ಎಂಬ ಇಪ್ಪತ್ತರ ಹುಡುಗ ಇಲ್ಲಿ ಮಾತನಾಡಿ ರೆಕಾರ್ಡ್ ಮಾಡಿದ ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗುತ್ತಿತ್ತು. ಅಲ್ಲಿಂದ ಅಲೆಯಾಗಿ ಮತ್ತೆ ಮುಂಬೈಗೇ ಬರುತ್ತಿತ್ತು, ನಮ್ಮ ಹಳ್ಳಿಗೂ ಬರುತ್ತಿತ್ತು. ಒಂದೇ ಊರಿನ ಹಾಡು, ಅದೇ ಊರಿನ ದನಿ, ಅದೇ ಊರಿನ ಕೇಳುಗ, ಆದರೂ ಸಮುದ್ರ ದಾಟಿ ಬರಬೇಕು. ಮೊದಲ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರ ಪತ್ರ ಬಂದವೆಂದು ಸಯಾನಿ ನೆನಪಿಸಿಕೊಳ್ಳುತ್ತಿದ್ದರು. ಮುಂದೆ ಪತ್ರಗಳನ್ನು ಎಣಿಸುವುದೇ ಕಷ್ಟವಾಯಿತು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಅಪ್ಪ ಊರಿನಿಂದ ಫೋನ್ ಮಾಡಿ, 'ಹೋದರಂತಲ್ಲೋ' ಎಂದಷ್ಟೇ ಹೇಳಿ ಸುಮ್ಮನಾದ. ನೆಂಟರ ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದ್ದ.

ಆಗ ಒಂದು ಮಾತು ಚಾಲ್ತಿಯಲ್ಲಿತ್ತು. ಹತ್ತು ರೇಡಿಯೋಗಳಲ್ಲಿ ಒಂಬತ್ತು ಸಿಲೋನಿಗೆ ಹಚ್ಚಿವೆ, ಹತ್ತನೆಯದು ಕೆಟ್ಟಿದೆ ಎಂದು. ಸರ್ಕಾರಕ್ಕೂ ಅದು ಕೇಳಿಸಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಕವಿ ನರೇಂದ್ರ ಶರ್ಮಾ ಅದರ ಹೊಣೆ ಹೊತ್ತರು. ಯಾವ ಮಂತ್ರಿ ಹಾಡುಗಳನ್ನು ಹೊರಗಟ್ಟಿದ್ದರೋ ಅದೇ ಮಂತ್ರಿಯ ಕಾಲದಲ್ಲಿ ಹಾಡುಗಳು ಹಿಂಬಾಗಿಲಿನಿಂದ ಅಲ್ಲ, ಮುಂಬಾಗಿಲಿನಿಂದಲೇ ಒಳಗೆ ಬಂದವು. 1967ರ ನವೆಂಬರಿನಲ್ಲಿ ಮುಂಬೈ, ಪುಣೆ, ನಾಗಪುರಗಳಲ್ಲಿ ಜಾಹೀರಾತೂ ಬಂತು. ಸಿಲೋನ್ ಮಾಡಿದ್ದೆಲ್ಲವನ್ನೂ ಆಕಾಶವಾಣಿ ಹದಿನೈದು ವರ್ಷ ತಡವಾಗಿ ಮಾಡಿತು.

ಕೇಸ್ಕರ್ ಅವರನ್ನು ಇಷ್ಟಕ್ಕೇ ನಗೆಪಾಟಲು ಮಾಡಿ ಬಿಡುವುದು ನ್ಯಾಯವಲ್ಲ. ಅಜ್ಜ ಶನಿವಾರ ಕೇಳುತ್ತಿದ್ದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಅವರು ಮಂತ್ರಿಯಾದ 1952ರಲ್ಲಿಯೇ ಶುರುವಾದದ್ದು. ರೇಡಿಯೋ ಸಂಗೀತ ಸಮ್ಮೇಳನವೂ ಅವರ ಕಾಲದ್ದೇ. ರಾಜರ ಆಶ್ರಯ ತಪ್ಪಿದ್ದ ಸಂಗೀತಗಾರರಿಗೆ ಆಕಾಶವಾಣಿ ಅನ್ನ ಕೊಟ್ಟಿತು. ಮಲ್ಲಿಕಾರ್ಜುನ ಮನಸೂರರು ಧಾರವಾಡ ನಿಲಯದಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಸಿನಿಮಾ ಹಾಡಿಗೆ ಬದಲಿಯಾಗಿ ಆಕಾಶವಾಣಿ ಬೆಳೆಸಿದ ಸುಗಮ ಸಂಗೀತದ ವಿಭಾಗದಿಂದ ಕನ್ನಡದ ಭಾವಗೀತೆಗಳು ಕವಿಗಳ ಪುಸ್ತಕದಿಂದ ಎದ್ದು ಅಡಿಗೆಮನೆಯವರೆಗೆ ಬಂದವು. ನನ್ನ ಅವ್ವನಿಗೆ ಬೇಂದ್ರೆ, ಕುವೆಂಪು ಗೊತ್ತಾದದ್ದು ಶಾಲೆಯಿಂದಲ್ಲ, ಬೆಳಗಿನ ರೇಡಿಯೋದಿಂದ. ಕೇಸ್ಕರ್ ಕಟ್ಟಿದ್ದು ಉಳಿಯಿತು, ಅವರು ತಡೆದದ್ದು ತಡೆಯನ್ನು ಮೀರಿ ಹೋಯಿತು. ಒಳ್ಳೆಯ ಸಂಗೀತ ಕೇಳಿಸುವುದಕ್ಕೂ ಬೇರೆಯದನ್ನು ಕೇಳದಂತೆ ಮಾಡುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಡೊಂಬಿವಲಿಯ ಆ ರಾತ್ರಿ ನನಗೂ ಕಾಣಲಿಲ್ಲ.

ಇಲ್ಲಿಯವರೆಗಿನದು ತಮಾಷೆಯ ಕಥೆ ಎನಿಸಬಹುದು. ಸರ್ಕಾರ ಹಟ ಮಾಡಿತು, ಜನ ಮುಳ್ಳು ತಿರುಗಿಸಿದರು, ಸರ್ಕಾರ ಸೋತಿತು. ಆದರೆ ಹಾಡಿಗಾಗಿ ಮುಳ್ಳು ತಿರುಗಿಸಿದ ಕೈಗೆ ಅದೇ ಅಭ್ಯಾಸವಾಗುತ್ತದೆ. ಜೊತೆಗೆ, ಯಾವ ಹಾಡು ಬೇಕು ಬೇಡ ಎಂದು ತೀರ್ಮಾನಿಸಿದ ಕುರ್ಚಿಗೂ ಅಭ್ಯಾಸವಾಗುತ್ತದೆ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಪ್ರಸಾರ ಖಾತೆ ಐ. ಕೆ. ಗುಜ್ರಾಲರ ಕೈಯಿಂದ ವಿ. ಸಿ. ಶುಕ್ಲಾ ಅವರ ಕೈಗೆ ಹೋಯಿತು. ಸರ್ಕಾರದ 20 ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಸಿನಿಮಾದವರು ನೆರವಾಗಬೇಕೆಂದು ಒತ್ತಾಯ ಶುರುವಾಯಿತು. ಕಿಶೋರ್ ಕುಮಾರ್ ಒಲ್ಲೆ ಎಂದರು. 1976ರ ಮೇ ತಿಂಗಳಲ್ಲಿ ಆಕಾಶವಾಣಿ ಮತ್ತು ದೂರದರ್ಶನದಿಂದ ಅವರ ಹಾಡುಗಳನ್ನು ತೆಗೆದುಹಾಕಲಾಯಿತು. ಈ ಸಲ ಅಶ್ಲೀಲ, ಕಲಬೆರಕೆ ಎಂಬ ಯಾವ ನೆಪವೂ ಬೇಕಾಗಲಿಲ್ಲ. ಅದೇ ದನಿ, ಅವೇ ಹಾಡು, ಹಾಡಿದವನು ಮಾತು ಕೇಳಲಿಲ್ಲ ಅಷ್ಟೇ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಶಾ ಆಯೋಗದ ಮುಂದೆ ಇದು ಬಯಲಾಯಿತು.

ಅದೇ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. 'ಸಂಸ್ಕಾರ' ಚಿತ್ರದ ಚಂದ್ರಿ ಅವರು. ಆ ಚಿತ್ರಕ್ಕೂ ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಕೇಂದ್ರ ಸರ್ಕಾರ ಆ ತಡೆಯನ್ನು ತೆಗೆದ ಮೇಲೆ ಅದೇ ಚಿತ್ರ ರಾಷ್ಟ್ರಪತಿಗಳ ಸ್ವರ್ಣ ಪದಕ ಪಡೆಯಿತು. ಸಮಾಜವಾದಿಗಳ ಸ್ನೇಹಿತೆಯಾಗಿದ್ದ ಸ್ನೇಹಲತಾ ಅಸ್ತಮಾ ರೋಗಿ. ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳು ಕಳೆದು, ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು. ಐದು ದಿನಕ್ಕೆ ತೀರಿಕೊಂಡರು. ಹಾಡು ನಿಲ್ಲಿಸುವುದಕ್ಕೂ ಉಸಿರು ನಿಲ್ಲಿಸುವುದಕ್ಕೂ ಬಹಳ ಅಂತರವಿದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ಎರಡೂ ಒಂದೇ ತಿಂಗಳು, ಒಂದೇ ಸರ್ಕಾರದ ಆಡಳಿತದಲ್ಲಿ ನಡೆದದ್ದನ್ನು ಮರೆಯಲೂ ಆಗುವುದಿಲ್ಲ.

ಅವರು ಹೋದ ಎರಡೇ ವಾರಕ್ಕೆ, 1977ರ ಫೆಬ್ರವರಿ 6ರ ಭಾನುವಾರ, ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಗಜೀವನರಾಂ ಮತ್ತು ಜಯಪ್ರಕಾಶ ನಾರಾಯಣರ ಸಭೆಯಿತ್ತು. ದೂರದರ್ಶನ ಅಂದು ಸಂಜೆ 'ಬಾಬಿ' ಚಿತ್ರ ಹಾಕಿತು. ತಡೆಯುವುದು ಸಾಲದೆಂದು ಈಗ ತೋರಿಸುವುದೂ ರಾಜಕೀಯವಾಯಿತು. ಜನ ಮನೆಯಲ್ಲಿ ಕೂರುತ್ತಾರೆಂಬ ಲೆಕ್ಕ ಸುಳ್ಳಾಯಿತು. ಮೈದಾನ ತುಂಬಿತು. ಮಾರ್ಚ್‌ನಲ್ಲಿ ಸರ್ಕಾರ ಬಿತ್ತು.

ಆ ಇಪ್ಪತ್ತೊಂದು ತಿಂಗಳು ಜನ ಸುದ್ದಿಗಾಗಿ ಎಲ್ಲಿಗೆ ಹೋದರು? ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಆಲ್ ಇಂಡಿಯಾ ರೇಡಿಯೋಕ್ಕೆ ಜನ ಆಲ್ ಇಂದಿರಾ ರೇಡಿಯೋ ಎಂದು ಹೆಸರಿಟ್ಟಿದ್ದರು. ಹಾಡಿಗೆ ಸಿಲೋನ್ ಹಿಡಿಯಲು ಕಲಿತಿದ್ದ ಕೈಗಳು ಅದೇ ಶಾರ್ಟ್‌ವೇವ್ ಪಟ್ಟಿಯಲ್ಲಿ ಬಿಬಿಸಿ ಹಿಡಿದವು. ನಮ್ಮಪ್ಪ ಹಿಡಿದ. ಆದರೆ ಅಜ್ಜ ಮಾತ್ರ ಒಪ್ಪಲಿಲ್ಲ. 'ನಮ್ಮ ಮನೀ ಸುದ್ದಿ ಇಂಗ್ಲೆಂಡಿನವರ ಕಡಿಂದ ಕೇಳೋದೇನು?' ಎನ್ನುತ್ತಿದ್ದ. ಅವನ ಮಟ್ಟಿಗೆ ಆಕಾಶವಾಣಿ ನಮ್ಮದು. ಆ ಹೆಸರು ಕೂಡ ನಮ್ಮ ಮೈಸೂರಿನದು ಎಂಬ ಹೆಮ್ಮೆ ಬೇರೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಶುರು ಮಾಡಿದ ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಿತ್ತು. ದೇಶದ ರೇಡಿಯೋ ಆ ಹೆಸರನ್ನು ತೆಗೆದುಕೊಂಡದ್ದು ಅದಾಗಿ ಇಪ್ಪತ್ತು ವರ್ಷಗಳ ನಂತರ. ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಹೆಸರು ಎಂದು ಇನ್ನೊಬ್ಬ ಮಾಸ್ತರನಿಗೆ ಅಭಿಮಾನ.

1984ರ ಅಕ್ಟೋಬರ್ 31. ನನಗಾಗ ಒಂಬತ್ತು ವರ್ಷ. ಮಧ್ಯಾಹ್ನ ಶಾಲೆಯಿಂದ ಬೇಗ ಕಳಿಸಿದರು. ಇಂದಿರಾ ಗಾಂಧಿಯವರಿಗೆ ಗುಂಡು ಹೊಡೆದಿದ್ದಾರೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಅಜ್ಜ ರೇಡಿಯೋ ಮುಂದೆ ಕೂತಿದ್ದ. ಆಕಾಶವಾಣಿ ಆಸ್ಪತ್ರೆಗೆ ಸೇರಿಸಿದ್ದಾರೆ ಎನ್ನುವುದರ ಆಚೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಗುಂಡು ತಗುಲಿದೆ, ಹೊತ್ತು ಇಳಿಯುತ್ತಿದೆ, ಪೆಟ್ಟಿಗೆ ಹೇಳುತ್ತಿಲ್ಲ. ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನೋಡದೆಯೇ, 'ತಮ್ಮಾ, ಬಿಬಿಸಿ ಎಲ್ಲಿ ಬರತದ?' ಎಂದ. ಅಪ್ಪ ತೋರಿಸಿದ. ಮುಳ್ಳನ್ನು ತಿರುಗಿಸಿದ್ದು ಅಜ್ಜನೇ.

ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆ. ಬಿಬಿಸಿ ಅದಕ್ಕಿಂತ ಗಂಟೆಗಳಷ್ಟು ಮೊದಲೇ ಹೇಳಿತ್ತು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ಸ್ವತಃ ರಾಜೀವ್ ಗಾಂಧಿಯವರೂ ಸುದ್ದಿಗಾಗಿ ಬಿಬಿಸಿಯನ್ನೇ ಕೇಳುತ್ತಿದ್ದರೆಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಸರ್ಕಾರಕ್ಕೆ ಅಂದು ತಡಮಾಡಲು ಕಾರಣಗಳಿದ್ದವು, ಗಲಭೆಯ ಭಯವಿತ್ತು ಎನ್ನುತ್ತಾರೆ. ಇದ್ದಿರಬಹುದು. ಆದರೆ ನನಗೆ ನೆನಪಿರುವುದು ಅಜ್ಜನ ಮುಖ. ಪ್ರಧಾನಿ ಸತ್ತ ದುಃಖದ ಜೊತೆ ಅವನು ಅಂದು ಇನ್ನೊಂದನ್ನೂ ಕಳೆದುಕೊಂಡಿದ್ದ. ಹಾಡಿನ ವಿಷಯದಲ್ಲಿ ಆಕಾಶವಾಣಿಯ ಪಕ್ಷ ವಹಿಸಿ ಮಗನ ಜೊತೆ ಮೂವತ್ತು ವರ್ಷ ಜಗಳವಾಡಿದವನು ಅವನು. ಆಮೇಲೆ ಬುಧವಾರ ರಾತ್ರಿ ಅಪ್ಪ ಸಿಲೋನ್ ಹಚ್ಚಿದರೆ ಅಜ್ಜ ಏನೂ ಅನ್ನುತ್ತಿರಲಿಲ್ಲ.

ಈಗಿನ ಪರಿಸ್ಥಿತಿ ನೋಡಿ. 1995ರಲ್ಲಿ ಸುಪ್ರೀಂ ಕೋರ್ಟ್ ಆಕಾಶದ ಅಲೆಗಳು ಸಾರ್ವಜನಿಕರ ಆಸ್ತಿ ಎಂದಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಅಲ್ಲಿ ದಿನವಿಡೀ ಸಿನಿಮಾ ಹಾಡು ಹಾಕಬಹುದು. ಸ್ವಂತ ಸುದ್ದಿ ಮಾತ್ರ ಓದುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಹಾಕಬಹುದು ಅಷ್ಟೇ. ಕೇಸ್ಕರ್ ಕಾಲದಲ್ಲಿ ಸರ್ಕಾರ ಹಾಡಿಗೆ ಹೆದರಿತ್ತು, ಈಗ ಸುದ್ದಿಗೆ ಹೆದರುತ್ತದೆ. ಯಾವ ಪಕ್ಷದ ಸರ್ಕಾರ ಬಂದರೂ ಈ ನಿಯಮ ಕದಲಿಲ್ಲ. ಹಾಗಾಗಿ ಜನ ಮತ್ತೆ ಮುಳ್ಳು ತಿರುಗಿಸಿದ್ದಾರೆ, ಈ ಸಲ ವಾಟ್ಸಾಪ್ ಕಡೆಗೆ. ಸಿಲೋನಿನಲ್ಲಿ ಹಾಡು ಹಾಡಾಗಿಯೇ ಇರುತ್ತಿತ್ತು. ಬಿಬಿಸಿಯಲ್ಲಿ ಸುದ್ದಿ ಓದುವವನಿಗೊಂದು ಹೆಸರಿತ್ತು. ವಾಟ್ಸಾಪಿನಲ್ಲಿ ಬರುವುದಕ್ಕೆ ಊರೂ ಇಲ್ಲ, ಹೆಸರೂ ಇಲ್ಲ. ನಂಬಿಕೆ ಕಳೆದುಕೊಂಡ ಮನೆಯಿಂದ ಹೊರಟವರಿಗೆ ದಾರಿಯಲ್ಲಿ ಸಿಕ್ಕವರೆಲ್ಲ ನೆಂಟರೇ.

ಹಾಗಾದರೆ ಎಲ್ಲವನ್ನೂ ಬಿಟ್ಟುಬಿಡಬೇಕೇ ಎಂದು ನೀವು ಕೇಳಬಹುದು. ಮಕ್ಕಳ ವಿಷಯದಲ್ಲಿ ನನಗೂ ಆ ಭಯ ಹೋಗಿಲ್ಲ. ದ್ವೇಷ ಬಿತ್ತುವುದನ್ನು, ಮಕ್ಕಳನ್ನು ದುರುಪಯೋಗ ಮಾಡುವುದನ್ನು ತಡೆಯಲು ಕಾನೂನು ಇರಬೇಕು, ಕೋರ್ಟೂ ಇರಬೇಕು. ಆದರೆ ನನಗೆ ಹಿಡಿಸದ ಹಾಡನ್ನು ನಿಲ್ಲಿಸುವ ಕೆಲಸವನ್ನು ಒಂದು ಕುರ್ಚಿಗೆ ಒಪ್ಪಿಸಿದರೆ, ನಾಳೆ ಆ ಕುರ್ಚಿಗೆ ಹಿಡಿಸದ ಸುದ್ದಿಯೂ ನನಗೆ ತಡವಾಗಿಯೇ ತಲುಪುತ್ತದೆ.

ಮರುದಿನ ಮಗಳ ಜೊತೆ ಕೂತೆ. ಆ ಹಾಡಿನ ಸಾಲುಗಳ ಅರ್ಥವನ್ನು ಅವಳ ವಯಸ್ಸಿಗೆ ತಕ್ಕ ಹಾಗೆ ಬಿಡಿಸಿ ಹೇಳಿದೆ. ಹೇಳುವುದಕ್ಕೆ ನನಗೇ ಸಂಕೋಚವಾಯಿತು. ಅವಳು ಮುಖ ಸಿಂಡರಿಸಿ, 'ಛೀ, ಮೊದಲೇ ಹೇಳಬಾರದಿತ್ತಾ ಅಪ್ಪಾ?' ಎಂದಳು. ಆಮೇಲೆ ನನ್ನ ಫೋನಿನಲ್ಲಿ ಮನಸೂರರದೊಂದು ಹಾಡಿಕೆ ಹಚ್ಚಿದೆ. ಅವಳು ನಾಲ್ಕು ನಿಮಿಷ ಕೇಳಿದಳು, ಐದನೆಯ ನಿಮಿಷಕ್ಕೆ ಎದ್ದುಹೋದಳು. ನಾಲ್ಕು ನಿಮಿಷವಾದರೂ ಕೂತಳಲ್ಲ ಎಂದುಕೊಂಡೆ. ನಾನು ಪೂರ್ತಿ ಕೇಳಿದೆ.